ಕೊಕ್ಕೋ ಹುದುಗಿನ ಕಾವು ಅಳೆಯಲು ಹಲವು ಕಡ್ಡಿಗಳ ಡಿಜಿಟಲ್ ಉಷ್ಣಮಾಪಕ

ಪಂಜ, ನಿಂತಿಕಲ್ಲು, ಗುತ್ತಿಗಾರು, ಕಡಬ ಮೊದಲಾದ ಕಡೆಗಳಲ್ಲಿ ಅಡಿಕೆ ಮರಗಳ ನೆರಳಿನಲ್ಲಿ ಕೊಕ್ಕೋ ಗಿಡಗಳನ್ನು ಕಾಣುವುದು ಸಾಮಾನ್ಯ. 1970ರ ದಶಕದಲ್ಲಿ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಈ ಮಿಶ್ರ ಬೆಳೆಯು ಹರಡಿತು. 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೋ ಸಹಕಾರಿ ಸಂಸ್ಥೆಯು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆದ ಮೇಲೆ ಕೊಕ್ಕೋ ಬೀಜಕ್ಕೆ ಹತ್ತಿರದಲ್ಲಿಯೇ ಒಂದು ನೆಲೆ ದೊರೆಯಿತು. ಹಸಿ ಬೀಜವನ್ನು ಕಾಯಿಯಿಂದ ಬಿಡಿಸಿದ ದಿನವೇ ಮಾರಿಬಿಡುವ ಪದ್ಧತಿಯು ಬೆಳೆಗಾರರಲ್ಲಿ ಬಳಕೆಯಲ್ಲಿದೆ.

ಆದರೆ ಹಸಿ ಬೀಜವನ್ನು ಇಟ್ಟುಕೊಂಡು ಕಾಯಲು ಬರುವುದಿಲ್ಲ. ಆ ದಿನ ಇದ್ದ ಧಾರಣೆಗೆ ಕೊಡಲೇಬೇಕು. 2024ರಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಕೊಕ್ಕೋ ಧಾರಣೆಯು ಟನ್ನಿಗೆ 10,000 ಡಾಲರನ್ನು ದಾಟಿ, ಮತ್ತೆ ಇಳಿದುದನ್ನು ಬೆಳೆಗಾರರೆಲ್ಲ ನೋಡಿದ್ದಾರೆ. ಚೆನ್ನಾಗಿ ಹುದುಗು ಬರಿಸಿ ಒಣಗಿಸಿದ ಬೀಜವನ್ನಾದರೋ ಕೆಲವು ತಿಂಗಳು ಕಾದಿಡಬಹುದು. ಸಣ್ಣ ಪ್ರಮಾಣದಲ್ಲಿ ಚಾಕೊಲೇಟ್ ತಯಾರಿಸುವವರೂ ಇಂತಹ ಒಳ್ಳೆಯ ಒಣ ಬೀಜವನ್ನು ಹುಡುಕುತ್ತಾರೆ. ಆದುದರಿಂದ ಮನೆಯಲ್ಲಿಯೇ ಬೀಜವನ್ನು ಸಂಸ್ಕರಿಸುವ ಆಸೆ ಅನೇಕರಲ್ಲಿ ಹುಟ್ಟುವುದು ಸಹಜ.

ಇಲ್ಲಿ ಒಂದು ತೊಡಕಿದೆ. 100 ಕಿ.ಗ್ರಾಂ ಹಸಿ ಬೀಜದಿಂದ ಸುಮಾರು ಮೂರನೇ ಒಂದು ಪಾಲು ಒಣ ಬೀಜ ಮಾತ್ರ ದೊರೆಯುತ್ತದೆ. ಅದರ ಜೊತೆಗೆ ಹುದುಗು ಕೆಟ್ಟುಹೋದರೆ ತೂಕವೂ ಹೋಯಿತು, ಬೆಲೆಯೂ ಹೋಯಿತು. ಆರು ದಿನಗಳ ಈ ಕೆಲಸವು ಸರಿಯಾಗಿ ನಡೆಯುತ್ತಿದೆಯೇ ಇಲ್ಲವೇ ಎಂಬುದನ್ನು ಮುಂಚಿತವಾಗಿ ತಿಳಿಸುವ ಮುಖ್ಯ ಗುರುತೆಂದರೆ ಬೀಜದ ಕಾವು. ಆ ಕಾವನ್ನು ಹಲವು ಜಾಗಗಳಲ್ಲಿ ಏಕಕಾಲಕ್ಕೆ ಅಳೆದು ತಾನೇ ಬರೆದಿಟ್ಟುಕೊಳ್ಳುವ ಡಿಜಿಟಲ್ ಉಷ್ಣಮಾಪಕದ ಬಳಕೆಯನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಹುದುಗಿನಲ್ಲಿ ಕಾವಿನ ಪಾತ್ರ

ಕೊಕ್ಕೋ ಬೀಜದ ಮೇಲೆ ಸಿಹಿಯಾದ ಬಿಳಿ ತಿರುಳು ಇರುತ್ತದೆ. ಬೀಜವನ್ನು ರಾಶಿ ಹಾಕಿದ ಮೊದಲ ದಿನ ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ಈ ತಿರುಳಿನ ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತವೆ. ತಿರುಳು ನೀರಾಗಿ ಕೆಳಗೆ ಬಸಿಯುತ್ತದೆ. ರಾಶಿಯೊಳಗೆ ಗಾಳಿಯಾಡತೊಡಗಿದ ಮೇಲೆ ಮತ್ತೊಂದು ಬಗೆಯ ಸೂಕ್ಷ್ಮಜೀವಿಗಳು ಮದ್ಯಸಾರವನ್ನು ಅಸಿಟಿಕ್ ಆಮ್ಲವಾಗಿ ಮಾಡುತ್ತವೆ. ರಾಶಿಯಿಂದ ವಿನೆಗರಿನಂತಹ ಹುಳಿ ವಾಸನೆ ಬರುವುದು ಇದರಿಂದಲೇ. ಈ ಎರಡನೆಯ ಹಂತದಲ್ಲಿ ಕಾವು ಹೆಚ್ಚಾಗಿ ಹುಟ್ಟುತ್ತದೆ.

ಈ ಕಾವು ಮತ್ತು ಆಮ್ಲ ಎರಡೂ ಸೇರಿ ಬೀಜದೊಳಗಿನ ಮೊಳಕೆಯನ್ನು ಸಾಯಿಸುತ್ತವೆ. ಆಗ ಬೀಜದ ಒಳಗಿನ ಕಣಗಳ ಗೋಡೆಗಳು ಒಡೆದು, ಒಗರು ಮತ್ತು ಕಹಿ ತಗ್ಗುತ್ತವೆ. ನೇರಳೆ ಬಣ್ಣವು ಕಂದು ಬಣ್ಣಕ್ಕೆ ತಿರುಗುತ್ತದೆ. ಹುರಿದಾಗ ಚಾಕೊಲೇಟಿನ ಪರಿಮಳ ಕೊಡುವ ವಸ್ತುಗಳಿಗೆ ಇಲ್ಲಿಯೇ ಬುನಾದಿ ಬೀಳುತ್ತದೆ. ಹುದುಗು ಬಾರದ ಬೀಜವನ್ನು ಎಷ್ಟು ಚೆನ್ನಾಗಿ ಒಣಗಿಸಿದರೂ, ಎಷ್ಟು ಹುರಿದರೂ ಆ ಪರಿಮಳ ಬರುವುದಿಲ್ಲ.

ಸರಿಯಾಗಿ ನಡೆಯುವ ಹುದುಗಿನಲ್ಲಿ ಬೀಜದ ಉಷ್ಣತೆಯು ಮೊದಲ 24 ಗಂಟೆಗಳಲ್ಲಿ ನಿಧಾನವಾಗಿ 30°ರಿಂದ 35° ಸೆಂ.ಗೆ ಏರುತ್ತದೆ. ಮುಂದಿನ ಒಂದೆರಡು ದಿನಗಳಲ್ಲಿ 45°ರಿಂದ 50° ಸೆಂ.ವರೆಗೆ ಹೋಗುತ್ತದೆ. ಬೀಜವನ್ನು ತಿರುವಿ ಹಾಕಿದಾಗ ಸ್ವಲ್ಪ ಇಳಿದು, ಗಾಳಿ ಸೇರಿದ್ದರಿಂದ ಮತ್ತೆ ಏರುತ್ತದೆ. ಐದಾರನೆಯ ದಿನ ತಾನಾಗಿಯೇ ಇಳಿಮುಖವಾಗುತ್ತದೆ. ನಮ್ಮಲ್ಲಿ ಬೆಳೆಯುವ ಫೊರಾಸ್ಟೆರೊ ಜಾತಿಯ ಕೊಕ್ಕೋಗೆ ಸಾಮಾನ್ಯವಾಗಿ 6 ದಿನಗಳ ಹುದುಗು ಬೇಕು. ಮೂರನೆಯ ಮತ್ತು ಐದನೆಯ ದಿನ ಬೀಜವನ್ನು ತಿರುವಿ ಹಾಕುವುದು ರೂಢಿ.

ಒಂದೇ ಉಷ್ಣಮಾಪಕ ಏಕೆ ಸಾಲದು?

ರಾಶಿಯ ನಡುವೆ ಕೈ ತೂರಿಸಿ ಬಿಸಿ ನೋಡುವುದು ಹಳೆಯ ಕ್ರಮ. ಬಿಸಿ ಇದೆ ಎಂದು ಕೈಗೆ ಗೊತ್ತಾಗುತ್ತದೆ. ಆದರೆ 43°ಗೂ 48°ಗೂ ಇರುವ ವ್ಯತ್ಯಾಸ ಗೊತ್ತಾಗುವುದಿಲ್ಲ. ಗಾಜಿನ ಉಷ್ಣಮಾಪಕವನ್ನು ನಡುವೆ ಚುಚ್ಚಿದರೆ ಅಂಕಿ ಸಿಗುತ್ತದೆ. ಆದರೆ ಅದು ನಡುಭಾಗದ ಅಂಕಿ ಮಾತ್ರ.

ಪೆಟ್ಟಿಗೆಯ ಮೂಲೆ, ತಳ ಮತ್ತು ಅಂಚುಗಳಿಂದ ಕಾವು ಹೊರಗೆ ಸೋರುತ್ತಿರುತ್ತದೆ. ಪಂಜದಂತಹ ಊರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗೂ ಮೀರಿ ಮಳೆ ಬೀಳುತ್ತದೆ. ಆಟಿ ತಿಂಗಳ ರಾತ್ರಿಯಲ್ಲಿ ಕೊಟ್ಟಿಗೆಯ ಒದ್ದೆ ನೆಲದ ಮೇಲಿಟ್ಟ ಪೆಟ್ಟಿಗೆಯ ತಳವು ಎಷ್ಟು ತಣ್ಣಗಾಗುತ್ತದೆಂಬುದನ್ನು ಯೋಚಿಸಿರಿ. ನಡುಭಾಗದಲ್ಲಿ ಹುದುಗು ಚೆನ್ನಾಗಿ ಆಗಿದ್ದರೂ ಮೂಲೆಯ ಬೀಜ ನೇರಳೆಯಾಗಿಯೇ ಉಳಿಯಬಹುದು. ಒಣಗಿಸುವಾಗ ಎರಡೂ ಬೆರೆಯುತ್ತವೆ. ಕೊಳ್ಳುವವನು ಹಿಡಿ ಬೀಜವನ್ನು ಕತ್ತರಿಸಿ ನೋಡಿದಾಗ ಆ ನೇರಳೆ ಬೀಜವೇ ಇಡೀ ಚೀಲದ ದರ್ಜೆಯನ್ನು ಇಳಿಸುತ್ತದೆ. ನಡುವಿನ ಉಷ್ಣಮಾಪಕವು ಸುಳ್ಳು ಹೇಳಲಿಲ್ಲ. ಮೂಲೆಯ ವಿಷಯವನ್ನು ನಾವು ಅದರ ಬಳಿ ಕೇಳಲೇ ಇಲ್ಲ ಅಷ್ಟೆ.

ಆದುದರಿಂದ ಒಂದೇ ಹೊತ್ತಿನಲ್ಲಿ ಹಲವು ಜಾಗಗಳ ಉಷ್ಣತೆ ತಿಳಿಯಬೇಕು. ರಾತ್ರಿ ಎರಡು ಗಂಟೆಗೂ ತಿಳಿಯಬೇಕು. ಈ ಎರಡು ಕೆಲಸಗಳಿಗಾಗಿಯೇ ಹಲವು ಚಾನೆಲಿನ ಉಷ್ಣಮಾಪಕವಿದೆ.

ಉಪಕರಣದ ಪರಿಚಯ

2020ರ ಕೊರೋನಾ ಕಾಲದಲ್ಲಿ ಅಂಗಡಿ, ಕಚೇರಿಗಳ ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದ ಪಿಸ್ತೂಲಿನಾಕಾರದ ಉಷ್ಣಮಾಪಕವು ಎಲ್ಲರಿಗೂ ಪರಿಚಿತ. ಅದು ಮುಟ್ಟದೆ ಅಳೆಯುತ್ತದೆ. ಹೊರಮೈಯ ಉಷ್ಣತೆಯನ್ನು ಮಾತ್ರ ತೋರಿಸುತ್ತದೆ. ರಾಶಿಯ ಒಳಗನ್ನು ಅಳೆಯಲು ಅದು ಬಾರದು. ನಮಗೆ ಬೇಕಾದುದು ಸ್ಪರ್ಶ ಉಷ್ಣಮಾಪಕ. ಇದರ ಕಡ್ಡಿಯನ್ನು ಬೀಜದೊಳಗೆ ಹುಗಿಯಬೇಕು. ಕಡ್ಡಿಯಿಂದ ಹೊರಟ ತಂತಿಯು ಅಂಕಿ ತೋರಿಸುವ ಪೆಟ್ಟಿಗೆಗೆ ಸೇರುತ್ತದೆ. ಒಂದೊಂದು ಕಡ್ಡಿ ಸೇರುವ ಜಾಗಕ್ಕೆ ಚಾನೆಲ್ ಎಂದು ಹೆಸರು. 2, 4, 8 ಅಥವಾ 12 ಚಾನೆಲುಗಳುಳ್ಳ ಉಪಕರಣಗಳು ದೊರೆಯುತ್ತವೆ. ಒಂದು ಮನೆಯ ಕೊಕ್ಕೋಗೆ 4 ಚಾನೆಲ್ ಸಾಕು. ಅಳೆದ ಅಂಕಿಯನ್ನು ಗಂಟೆ, ತಾರೀಕಿನೊಡನೆ ಸ್ಮೃತಿಯಲ್ಲಿ ಉಳಿಸಿಕೊಳ್ಳುವ ಉಪಕರಣಕ್ಕೆ ಡೇಟಾ ಲಾಗರ್ ಎನ್ನುತ್ತಾರೆ.

ಕಡ್ಡಿಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ.

1. ಥರ್ಮೋಕಪಲ್: ಎರಡು ಬೇರೆ ಬೇರೆ ಲೋಹದ ತಂತಿಗಳ ತುದಿಗಳನ್ನು ಬೆಸೆದು ಬಿಸಿ ಮಾಡಿದರೆ ಅತಿ ಸಣ್ಣ ವಿದ್ಯುತ್ ಒತ್ತಡ ಹುಟ್ಟುತ್ತದೆ. ಇದನ್ನು 1821ರಲ್ಲಿ ಸೀಬೆಕ್ ಎಂಬ ವಿಜ್ಞಾನಿ ಕಂಡುಹಿಡಿದನು. ಹೆಚ್ಚು ಬಳಕೆಯಲ್ಲಿರುವ ಕೆ ಮಾದರಿಯ ಕಡ್ಡಿಯಲ್ಲಿ ಒಂದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಮಾತ್ರ ಹುಟ್ಟುತ್ತದೆ. ಅಗ್ಗ, ಗಟ್ಟಿ ಮತ್ತು ಬೇಗ ತೋರಿಸುತ್ತದೆ. ಆದರೆ ಸಾಮಾನ್ಯ ದರ್ಜೆಯ ಕಡ್ಡಿಯಲ್ಲಿ 2 ಡಿಗ್ರಿಗಳಷ್ಟು ಹೆಚ್ಚುಕಡಿಮೆ ಇರಬಹುದು.

2. ಪಿ.ಟಿ. 100: ಇದರೊಳಗೆ ಪ್ಲಾಟಿನಂ ಇರುತ್ತದೆ. 0° ಸೆಂ.ನಲ್ಲಿ ಇದರ ವಿದ್ಯುತ್ ತಡೆ 100 ಓಮ್, 100° ಸೆಂ.ನಲ್ಲಿ 138.5 ಓಮ್. ಹೆಚ್ಚು ನಿಖರ, ಬೆಲೆಯೂ ಹೆಚ್ಚು.

3. ಥರ್ಮಿಸ್ಟರ್ ಮತ್ತು ಚಿಪ್ ಮಾದರಿ: ನಮ್ಮ ಕೆಲಸಕ್ಕೆ ಬೇಕಾದ 20°ರಿಂದ 70°ವರೆಗಿನ ಉಷ್ಣತೆಗೆ ಇವು ಚೆನ್ನಾಗಿಯೇ ಹೊಂದುತ್ತವೆ. ಅರ್ಧ ಡಿಗ್ರಿಯಷ್ಟು ನಿಖರತೆಯ ಚಿಪ್ ಕಡ್ಡಿಗಳು ಸುಲಭವಾಗಿ ಸಿಗುತ್ತವೆ.

ಉಪಕರಣದ ಮುಖದಲ್ಲಿ 46.7 ಎಂದು ಕಂಡ ಮಾತ್ರಕ್ಕೆ ಉಷ್ಣತೆಯು ನಿಜವಾಗಿ 46.7 ಎಂದು ತಿಳಿಯಬಾರದು. ಚುಕ್ಕಿಯ ನಂತರದ ಅಂಕಿಯನ್ನು ಅನೇಕ ಡಿಜಿಟಲ್ ಉಪಕರಣಗಳು ತೋರಿಸುತ್ತವೆ. ಅದು ಎಷ್ಟು ನಂಬತಕ್ಕದ್ದೆಂಬುದು ಕಡ್ಡಿಯ ಗುಣವನ್ನು ಅವಲಂಬಿಸಿದೆ.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

1. ಕಡ್ಡಿಯ ಹೊರಕವಚವು ಸ್ಟೇನ್‌ಲೆಸ್ ಸ್ಟೀಲಿನದಾಗಿರಬೇಕು. ಹುದುಗಿನ ಆಮ್ಲವು ಕಬ್ಬಿಣ ಮತ್ತು ತಾಮ್ರವನ್ನು ತಿನ್ನುತ್ತದೆ; ಬೀಜವೂ ಕೆಡುತ್ತದೆ.

2. ತುದಿಯಲ್ಲಿ ತಂತಿ ಬರಿದಾಗಿ ಕಾಣುವ ಥರ್ಮೋಕಪಲನ್ನು ಒದ್ದೆ ಬೀಜಕ್ಕೆ ಬಳಸಬಾರದು. ಹುಳಿ ನೀರು ವಿದ್ಯುತ್ತನ್ನು ಹರಿಯಗೊಡುವುದರಿಂದ ಒಂದು ಚಾನೆಲಿನ ಅಂಕಿಯು ಇನ್ನೊಂದನ್ನು ಕೆಡಿಸುತ್ತದೆ. ಒಳಗಿನ ತಂತಿಯು ಕವಚಕ್ಕೆ ತಾಗದಂತೆ ನಿರೋಧವಿರುವ ಕಡ್ಡಿಯನ್ನೇ ಕೇಳಿ ಪಡೆಯಬೇಕು.

3. ಕಡ್ಡಿಯು ಕನಿಷ್ಠ 20 ಸೆಂ.ಮೀ. ಉದ್ದವಿರಲಿ. ತಂತಿಯು 2-3 ಮೀಟರ್ ಇದ್ದರೆ ಉಪಕರಣವನ್ನು ದೂರದ ಒಣ ಜಾಗದಲ್ಲಿ ಇಡಬಹುದು.

4. ಬ್ಯಾಟರಿಯಿಂದ ನಡೆಯುವಂತಿರಬೇಕು. ಮಳೆಗಾಲದಲ್ಲಿ ಕರೆಂಟು ಹೋದ ರಾತ್ರಿಯ ದಾಖಲೆಯೇ ನಮಗೆ ಹೆಚ್ಚು ಬೇಕಾದದ್ದು.

5. ದಾಖಲೆಯನ್ನು ಮೆಮೊರಿ ಕಾರ್ಡಿಗಾಗಲಿ, ಕಂಪ್ಯೂಟರಿಗಾಗಲಿ, ಮೊಬೈಲಿಗಾಗಲಿ ತೆಗೆದುಕೊಳ್ಳುವಂತಿರಬೇಕು.

ಒಬ್ಬ ಬೆಳೆಗಾರನಿಗೆ ವರ್ಷದಲ್ಲಿ ಕೆಲವೇ ವಾರ ಬೇಕಾಗುವ ಈ ಉಪಕರಣವನ್ನು ನಾಲ್ಕೈದು ಮನೆಯವರು ಸೇರಿ ಕೊಂಡುಕೊಳ್ಳುವುದು ಲಾಭದಾಯಕ.

ಬಳಕೆಗೆ ಮುಂಚೆ ಪರೀಕ್ಷೆ

ಹೊಸ ಉಪಕರಣವಾದರೂ ಪರೀಕ್ಷಿಸದೆ ಬಳಸಬಾರದು. ಇದಕ್ಕೆ ಪ್ರಯೋಗಶಾಲೆ ಬೇಕಿಲ್ಲ.

ಮಂಜುಗಡ್ಡೆ ಪರೀಕ್ಷೆ: ಶುದ್ಧ ನೀರಿನ ಐಸನ್ನು ಚೆನ್ನಾಗಿ ಜಜ್ಜಿ ಥರ್ಮಾಸ್ ಫ್ಲಾಸ್ಕಿಗೆ ತುಂಬಬೇಕು. ಸಂದುಗಳು ತುಂಬುವಷ್ಟು ಮಾತ್ರ ತಣ್ಣೀರು ಹಾಕಬೇಕು. ಎಲ್ಲ ಕಡ್ಡಿಗಳನ್ನೂ ಒಟ್ಟಿಗೆ ಇಳಿಸಿ, ತಳಕ್ಕೆ ತಾಗದಂತೆ ಹಿಡಿದು, ಆಗಾಗ ಕಲಕುತ್ತಾ 5 ನಿಮಿಷ ಕಾಯಬೇಕು. ಪ್ರತಿಯೊಂದೂ 0° ತೋರಿಸಬೇಕು. ಎರಡನೆಯ ಚಾನೆಲ್ 1.2° ತೋರಿಸಿದರೆ ಆ ಚಾನೆಲಿನ ಅಂಕಿಯಿಂದ 1.2 ಕಳೆಯಬೇಕೆಂದು ಪುಸ್ತಕದಲ್ಲಿ ಬರೆದಿಡಿರಿ.

ಕುದಿನೀರಿನ ಪರೀಕ್ಷೆ: ಸಮುದ್ರಮಟ್ಟದಲ್ಲಿ ನೀರು 100° ಸೆಂ.ನಲ್ಲಿ ಕುದಿಯುತ್ತದೆ. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು 1 ಡಿಗ್ರಿ ಕಡಿಮೆಯಾಗುತ್ತದೆ. ಪಂಜದಂತಹ ತಗ್ಗಿನ ಊರಿನಲ್ಲಿ 99°ಕ್ಕೂ 100°ಕ್ಕೂ ನಡುವೆ ತೋರಿಸಿದರೆ ಸರಿ. ಘಟ್ಟದ ಮೇಲಿನ ಮಡಿಕೇರಿಯಲ್ಲಿ ಅದೇ ಉಪಕರಣವು ಸುಮಾರು 96° ತೋರಿಸಿದರೆ ಅದು ಉಪಕರಣದ ದೋಷವಲ್ಲ.

ಬೆಚ್ಚನೆಯ ನೀರಿನ ಪರೀಕ್ಷೆ: ನಮಗೆ ಬೇಕಾದ ಉಷ್ಣತೆಗೆ ಹತ್ತಿರವಾದ ಪರೀಕ್ಷೆ ಇದೇ. ಒಂದು ಬಕೆಟ್ ನೀರನ್ನು ಸುಮಾರು 40°ಗೆ ಕಾಯಿಸಿ, ಕಲಕುತ್ತಾ, ಮನೆಯಲ್ಲಿರುವ ಜ್ವರದ ಡಿಜಿಟಲ್ ಥರ್ಮಾಮೀಟರಿನೊಡನೆ ಎಲ್ಲ ಕಡ್ಡಿಗಳನ್ನೂ ಹೋಲಿಸಬೇಕು. ಜ್ವರದ ಪಾದರಸದ ಥರ್ಮಾಮೀಟರು 42°ವರೆಗೆ ಮಾತ್ರ ಇರುವುದರಿಂದ ಅದನ್ನು ಇನ್ನೂ ಬಿಸಿಯಾದ ನೀರಿಗೆ ಅದ್ದಿದರೆ ಒಡೆಯುತ್ತದೆ, ಎಚ್ಚರಿಕೆ ವಹಿಸಬೇಕು.

ಎಲ್ಲ ಕಡ್ಡಿಗಳೂ ಒಂದೇ ಪಾತ್ರೆಯಲ್ಲಿ ಒಂದೇ ಅಂಕಿಯನ್ನು ತೋರಿಸುವುದು ಅತಿ ಮುಖ್ಯ. ನಾವು ನೋಡಬೇಕಾದುದು ನಡುವಿಗೂ ಮೂಲೆಗೂ ಇರುವ ವ್ಯತ್ಯಾಸವನ್ನು. ಕಡ್ಡಿಗಳಲ್ಲಿಯೇ 2° ವ್ಯತ್ಯಾಸವಿದ್ದರೆ ಮೂಲೆ ತಣ್ಣಗಿದೆಯೋ ಕಡ್ಡಿ ತಪ್ಪು ಹೇಳುತ್ತಿದೆಯೋ ತಿಳಿಯದು.

ಕಡ್ಡಿಗಳನ್ನು ಇಡುವ ಕ್ರಮ

ಸುಮಾರು 100 ಕಿ.ಗ್ರಾಂ ಹಸಿ ಬೀಜ ತುಂಬಿದ, ತಳದಲ್ಲಿ ರಸ ಬಸಿಯಲು ತೂತುಗಳಿರುವ ಮರದ ಪೆಟ್ಟಿಗೆಯೊಂದನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ.

ಚಾನೆಲ್ 1: ಪೆಟ್ಟಿಗೆಯ ನಟ್ಟನಡುವೆ.
ಚಾನೆಲ್ 2: ಒಂದು ಮೂಲೆಯಲ್ಲಿ, ಹಲಗೆಯಿಂದ 5 ಸೆಂ.ಮೀ. ಒಳಗೆ, ಅರ್ಧ ಆಳದಲ್ಲಿ. ಗಾಳಿ ಬೀಸುವ ಕಡೆಯ ಮೂಲೆಯನ್ನೇ ಆರಿಸಬೇಕು.
ಚಾನೆಲ್ 3: ತಳದಿಂದ 5 ಸೆಂ.ಮೀ. ಮೇಲೆ. ಬಸಿದ ರಸದಲ್ಲಿ ಕಡ್ಡಿ ನಿಲ್ಲಬಾರದು.
ಚಾನೆಲ್ 4: ಪೆಟ್ಟಿಗೆಯ ಹೊರಗೆ, ಕೊಟ್ಟಿಗೆಯ ಗಾಳಿಯಲ್ಲಿ. ಗೋಡೆಗೆ ತಾಗದಂತೆ, ಬಿಸಿಲು ಬೀಳದಂತೆ ತೂಗುಹಾಕಬೇಕು.

ಪ್ರತಿ ಕಡ್ಡಿಯ ತಂತಿಗೆ ಎರಡೂ ತುದಿಗಳಲ್ಲಿ ನಂಬರಿನ ಚೀಟಿ ಕಟ್ಟಬೇಕು. ತಿರುವಿ ಹಾಕುವಾಗ ಕಡ್ಡಿಗಳನ್ನು ತೆಗೆದು, ಅನಂತರ ಅದೇ ಜಾಗದಲ್ಲಿ ಅದೇ ನಂಬರಿನ ಕಡ್ಡಿಯನ್ನು ಇಡಬೇಕು. ಕಡ್ಡಿಯ ತುದಿ ಮಾತ್ರವಲ್ಲ, ಕನಿಷ್ಠ 10 ಸೆಂ.ಮೀ.ನಷ್ಟು ಭಾಗವು ಬೀಜದೊಳಗಿರಬೇಕು. ಇಲ್ಲದಿದ್ದರೆ ಲೋಹದ ಕಡ್ಡಿಯೇ ಕಾವನ್ನು ಹೊರಗೆ ಸಾಗಿಸಿ ಅಂಕಿ ಕಡಿಮೆ ಬರುತ್ತದೆ.

ಬೀಜ ಕೆಲವೇ ಕಿಲೋ ಇದ್ದು, ಬಾಳೆ ಎಲೆ ಹಾಸಿದ ಚಿಕ್ಕ ಬುಟ್ಟಿಗಳಲ್ಲಿ ಹುದುಗು ಬರಿಸುವವರು ಒಂದೊಂದು ಬುಟ್ಟಿಗೆ ಒಂದೊಂದು ಕಡ್ಡಿಯನ್ನು ಇಟ್ಟು ಯಾವ ಬುಟ್ಟಿ ಹಿಂದೆ ಬಿದ್ದಿದೆ ಎಂಬುದನ್ನು ತಿಳಿಯಬಹುದು.

ದಾಖಲೆ ಇಡುವುದು

ಮೊದಲು ಉಪಕರಣದ ತಾರೀಕು ಮತ್ತು ಗಂಟೆಯನ್ನು ಸರಿಪಡಿಸಬೇಕು. ಹುದುಗಿಗೆ ಅರ್ಧ ಗಂಟೆಗೊಂದು ದಾಖಲೆ ಸಾಕು. ದಿನಕ್ಕೆ 48ರಂತೆ 6 ದಿನಗಳಲ್ಲಿ ಪ್ರತಿ ಚಾನೆಲಿಗೆ 288 ಅಂಕಿಗಳಾಗುತ್ತವೆ. ನಿಮಿಷಕ್ಕೊಂದು ದಾಖಲೆ ಇಟ್ಟರೆ ಬ್ಯಾಟರಿ ಬೇಗ ಮುಗಿಯುತ್ತದೆ. ಹೆಚ್ಚಿನ ತಿಳುವಳಿಕೆಯೇನೂ ಬರುವುದಿಲ್ಲ.

ಉಪಕರಣವು ಬರೆದುಕೊಳ್ಳುತ್ತದೆಂದು ಪುಸ್ತಕವನ್ನು ಬಿಡಬಾರದು. ಕಾಯಿ ಕೊಯ್ದ ದಿನ, ಒಡೆದ ದಿನ, ಬೀಜದ ತೂಕ, ತುಂಬಿದ ಗಂಟೆ, ತಿರುವಿದ ಗಂಟೆ, ಮಳೆ ಬಂದದ್ದು, ಗೋಣಿ ಹೊದೆಸಿದ್ದು, ವಾಸನೆ, ಇವನ್ನು ಉಪಕರಣ ಬರೆಯಲಾರದು. ಇವಿಲ್ಲದೆ ಅಂಕಿಗಳ ಪಟ್ಟಿಯಿಂದ ಉಪಯೋಗ ಕಡಿಮೆ. ಬೆಳಿಗ್ಗೆ ಮತ್ತು ಸಂಜೆ ಒಮ್ಮೆ ನಾಲ್ಕೂ ಅಂಕಿಗಳನ್ನು ಪುಸ್ತಕಕ್ಕೂ ಇಳಿಸಿದರೆ, ಉಪಕರಣ ಕೈಕೊಟ್ಟರೂ ಸರಪಣಿ ತುಂಡಾಗುವುದಿಲ್ಲ.

ಒಂದು ಮಾದರಿ ದಾಖಲೆ

ಕೆಳಗಿನ ಅಂಕಿಗಳನ್ನು ಓದುವ ಅಭ್ಯಾಸಕ್ಕಾಗಿ ಕೊಡಲಾಗಿದೆ. ಇವು ಪ್ರಯೋಗದ ಫಲಿತಾಂಶವಲ್ಲ. ಎಲ್ಲವೂ ಡಿಗ್ರಿ ಸೆಂಟಿಗ್ರೇಡಿನಲ್ಲಿವೆ.

ತುಂಬಿದಾಗ: ನಡು 27, ಮೂಲೆ 27, ತಳ 27, ಗಾಳಿ 26
24 ಗಂಟೆ: ನಡು 34, ಮೂಲೆ 30, ತಳ 31, ಗಾಳಿ 25
48 ಗಂಟೆ, ತಿರುವುವ ಮೊದಲು: ನಡು 45, ಮೂಲೆ 36, ತಳ 38, ಗಾಳಿ 24
49 ಗಂಟೆ, ತಿರುವಿದ ಮೇಲೆ: ನಡು 39, ಮೂಲೆ 38, ತಳ 38, ಗಾಳಿ 24
72 ಗಂಟೆ: ನಡು 48, ಮೂಲೆ 42, ತಳ 43, ಗಾಳಿ 25
96 ಗಂಟೆ, ತಿರುವುವ ಮೊದಲು: ನಡು 49, ಮೂಲೆ 44, ತಳ 45, ಗಾಳಿ 25
120 ಗಂಟೆ: ನಡು 48, ಮೂಲೆ 45, ತಳ 46, ಗಾಳಿ 25
144 ಗಂಟೆ: ನಡು 46, ಮೂಲೆ 43, ತಳ 43, ಗಾಳಿ 24

48ನೆಯ ಗಂಟೆಯ ಸಾಲನ್ನು ನೋಡಿರಿ. ನಡುಭಾಗದ 45° ಮಾತ್ರ ನೋಡಿದವನು ಎಲ್ಲವೂ ಸರಿಯಾಗಿದೆ ಎಂದುಕೊಳ್ಳುತ್ತಾನೆ. ಆದರೆ ಮೂಲೆಯು 9° ಹಿಂದೆ ಇದೆ. ಅಲ್ಲಿಯ ಬೀಜದಲ್ಲಿ ಮೊಳಕೆ ಇನ್ನೂ ಜೀವದಿಂದಿರಬಹುದು. ಈ ಬೆಳೆಗಾರನು ತಿರುವುವಾಗ ಮೂಲೆ ಮತ್ತು ತಳದ ಬೀಜವನ್ನು ನಡುವಿಗೆ ತಂದು, ಪೆಟ್ಟಿಗೆಯ ಪಕ್ಕಗಳಿಗೆ ಗೋಣಿ ಕಟ್ಟಿ, ತಳವನ್ನು ನೆಲದಿಂದ ಎತ್ತಿಟ್ಟನೆಂದು ತಿಳಿಯೋಣ. 72ನೆಯ ಗಂಟೆಗೆ ವ್ಯತ್ಯಾಸವು 6°ಗೂ, 120ನೆಯ ಗಂಟೆಗೆ 3°ಗೂ ಇಳಿದಿದೆ.

ದಾಖಲೆಯಲ್ಲಿ ಕಾಣುವ ಗುರುತುಗಳು ಮತ್ತು ಮಾಡಬೇಕಾದ ಕೆಲಸ ಹೀಗಿವೆ.

1. ಎರಡು ದಿನ ಕಳೆದರೂ ನಡುಭಾಗವೇ 40° ಮುಟ್ಟದಿದ್ದರೆ: ಬೀಜದ ಪ್ರಮಾಣ ಕಡಿಮೆ, ಅಥವಾ ರಸ ಸರಿಯಾಗಿ ಬಸಿದಿಲ್ಲ, ಅಥವಾ ಬಲಿಯದ ಕಾಯಿಗಳು ಸೇರಿವೆ. ತೂತುಗಳನ್ನು ಬಿಡಿಸಿ, ಬೀಜವನ್ನು ತಿರುವಿ, ಬಾಳೆ ಎಲೆ ಮತ್ತು ಗೋಣಿಯನ್ನು ದಪ್ಪವಾಗಿ ಹೊದೆಸಬೇಕು. ರಾಶಿ ವಿಧಾನಕ್ಕೆ ಕನಿಷ್ಠ 50 ಕಿ.ಗ್ರಾಂ ಬೀಜವಿರುವುದು ಒಳ್ಳೆಯದು.

2. ಮೂಲೆ ಮಾತ್ರ ಹಿಂದೆ ಬಿದ್ದರೆ: ಮೇಲೆ ಹೇಳಿದಂತೆ ಪಕ್ಕಗಳಿಗೆ ಗೋಣಿ ಕಟ್ಟಿ, ತಿರುವುವಾಗ ಮೂಲೆಯ ಬೀಜವನ್ನು ನಡುವಿಗೆ ಹಾಕಬೇಕು.

3. ಗಾಳಿಯ ಚಾನೆಲ್ ಇಳಿದ ಹೊತ್ತಿಗೇ ಬೀಜದ ಚಾನೆಲುಗಳೂ ಇಳಿದರೆ: ಹೊದಿಕೆ ಸಾಲದು ಎಂದರ್ಥ. ರಾತ್ರಿಯ ದಾಖಲೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

4. ನಡುಭಾಗವು 50° ಮೀರಿ ಏರುತ್ತಲೇ ಇದ್ದರೆ: ದಿನ ನೋಡದೆ ತಿರುವಿ ಗಾಳಿಯಾಡಿಸಬೇಕು.

5. ಐದನೆಯ ದಿನದ ನಂತರ ಕಾವು ಇಳಿಯುತ್ತಿದ್ದು, ಹುಳಿ ವಾಸನೆ ಹೋಗಿ ಅಮೋನಿಯದಂತಹ ಕೆಟ್ಟ ವಾಸನೆ ಬರತೊಡಗಿದರೆ: ಹುದುಗು ಮಿತಿ ಮೀರುತ್ತಿದೆ. ಕೂಡಲೇ ಒಣಗಿಸಲು ತೆಗೆಯಬೇಕು.

ಕತ್ತರಿಸಿ ನೋಡುವ ಪರೀಕ್ಷೆ

ಉಷ್ಣಮಾಪಕದ ಮಾತಿಗೆ ಬೀಜವೇ ಸಾಕ್ಷಿ ಹೇಳಬೇಕು. ಇದಕ್ಕಾಗಿ ಬೀಜ ತುಂಬುವಾಗಲೇ ಸಣ್ಣ ಬಲೆಯ ಚೀಲಗಳಲ್ಲಿ ನೂರಕ್ಕೂ ಸ್ವಲ್ಪ ಹೆಚ್ಚು ಬೀಜ ಹಾಕಿ, ಒಂದನ್ನು ನಡುವಿನ ಕಡ್ಡಿಯ ಬಳಿ, ಇನ್ನೊಂದನ್ನು ಮೂಲೆಯ ಕಡ್ಡಿಯ ಬಳಿ ಹುಗಿಯಿರಿ. ತಿರುವಿದಾಗಲೂ ಆಯಾ ಜಾಗಕ್ಕೇ ಇಡಿರಿ. ಒಣಗಿದ ಮೇಲೆ ಪ್ರತಿ ಚೀಲದಿಂದ 100 ಬೀಜಗಳನ್ನು ಉದ್ದಕ್ಕೆ ಸೀಳಿ ಬಣ್ಣ ನೋಡಿ ಎಣಿಸಿರಿ. ಕಂದು ಬಣ್ಣವಾಗಿ ಒಳಗೆ ಬಿರುಕು ಬಿಟ್ಟದ್ದು ಚೆನ್ನಾಗಿ ಹುದುಗಿದ ಬೀಜ. ನೇರಳೆಯಾದದ್ದು ಅರೆಹುದುಗಿನದು. ಸ್ಲೇಟಿನ ಬಣ್ಣದಿಂದ ಗಟ್ಟಿಯಾಗಿ ಕಾಣುವುದು ಹುದುಗೇ ಬಾರದ್ದು. ಬೂಷ್ಟು ಹಿಡಿದದ್ದನ್ನು ಬೇರೆಯಾಗಿ ಎಣಿಸಬೇಕು.

ಎರಡು ಚೀಲಗಳ ಎಣಿಕೆಯನ್ನು ಎರಡು ಚಾನೆಲುಗಳ ದಾಖಲೆಯ ಪಕ್ಕದಲ್ಲಿ ಬರೆಯಿರಿ. ಎರಡು ಮೂರು ಸಲ ಹೀಗೆ ಮಾಡಿದರೆ, ನಿಮ್ಮ ಕೊಟ್ಟಿಗೆಯಲ್ಲಿ, ನಿಮ್ಮ ಪೆಟ್ಟಿಗೆಯಲ್ಲಿ ಮೂಲೆಯು ಎಷ್ಟು ಡಿಗ್ರಿ ಹಿಂದೆ ಬಿದ್ದರೆ ಎಷ್ಟು ಬೀಜ ನೇರಳೆಯಾಗುತ್ತದೆಂಬುದು ನಿಮಗೇ ತಿಳಿಯುತ್ತದೆ. ಬೇರೆ ಊರಿನ ಅಂಕಿಗಳಿಗಿಂತ ಇದು ಹೆಚ್ಚು ಉಪಯುಕ್ತ.

ಒಣಗಿಸುವಾಗ

ಹುದುಗು ಮುಗಿದ ಬೀಜವನ್ನು 6ರಿಂದ 7 ಶೇಕಡಾ ತೇವಾಂಶಕ್ಕೆ ಒಣಗಿಸಬೇಕು. 8 ಶೇಕಡಾ ಮೀರಿದರೆ ಬೂಷ್ಟು ಬರುವ ಭಯವಿದೆ. ಬಿಸಿಲಿದ್ದರೆ ಅಂಗಳದ ಬಿಸಿಲೇ ಉತ್ತಮ. ಮಳೆ ಹಿಡಿದಾಗ ಬಿಸಿಗಾಳಿಯ ಗೂಡು ಬೇಕಾಗುತ್ತದೆ. ಗೂಡಿನಲ್ಲಿ ಉಷ್ಣತೆಯು 60° ಸೆಂ. ಮೀರಬಾರದು. ಮೊದಲೇ ಜೋರಾಗಿ ಕಾಯಿಸಿದರೆ ಸಿಪ್ಪೆ ಒಣಗಿ ಆಮ್ಲ ಒಳಗೇ ಉಳಿದು ಬೀಜ ಹುಳಿಯಾಗುತ್ತದೆ.

ಇಲ್ಲಿಯೂ ನಾಲ್ಕು ಕಡ್ಡಿಗಳು ಬೇಕು: ಬಿಸಿಗಾಳಿ ಒಳಬರುವಲ್ಲಿ ಒಂದು, ಕೆಳಗಿನ ತಟ್ಟೆಯ ಬೀಜದ ನಡುವೆ ಒಂದು, ಮೇಲಿನ ತಟ್ಟೆಯ ಬೀಜದ ನಡುವೆ ಒಂದು, ಗಾಳಿ ಹೊರಹೋಗುವಲ್ಲಿ ಒಂದು. ದಾಖಲೆಯ ಅವಧಿ 15 ನಿಮಿಷವಿರಲಿ. ಸೌದೆ ಹಾಕಿದ ಕೂಡಲೇ ಕಾವು ಏರುವುದು, ನಿದ್ದೆಯ ಹೊತ್ತಿನಲ್ಲಿ ಬೆಂಕಿ ಆರುವುದು, ಎರಡೂ ಇದರಲ್ಲಿ ಕಾಣುತ್ತವೆ.

ಒದ್ದೆ ಬೀಜದಿಂದ ನೀರು ಆವಿಯಾಗುತ್ತಿರುವಾಗ ಬೀಜವು ಸುತ್ತಲಿನ ಗಾಳಿಗಿಂತ ತಣ್ಣಗಿರುತ್ತದೆ. ಬೆವರು ಆರುವಾಗ ಮೈ ತಣ್ಣಗಾಗುವಂತೆ ಇದು. ಬೀಜ ಒಣಗುತ್ತಾ ಬಂದಂತೆ ಅದರ ಉಷ್ಣತೆಯು ಗಾಳಿಯ ಉಷ್ಣತೆಗೆ ಹತ್ತಿರವಾಗುತ್ತದೆ. ಆದುದರಿಂದ ಬೀಜದ ಚಾನೆಲ್ ಮತ್ತು ಬಿಸಿಗಾಳಿಯ ಚಾನೆಲ್‌ಗಳ ಅಂತರ ಕಡಿಮೆಯಾಗುವುದು ಒಣಗಿದ್ದರ ಒಂದು ಸೂಚನೆ. ಆದರೂ ಬೀಜವನ್ನು ಹಿಡಿಯಲ್ಲಿ ಒತ್ತಿ ಚಟಚಟ ಸದ್ದು ಕೇಳಿ, ಸಾಧ್ಯವಾದರೆ ತೇವಾಂಶಮಾಪಕದಿಂದ ಅಳೆದು ಖಚಿತಪಡಿಸಿಕೊಳ್ಳಬೇಕು.

ಈ ಸೀಮೆಯ ಬೆಳೆಗಾರರಿಗೆ ಒಂದು ವಿಶೇಷ ಎಚ್ಚರಿಕೆ. ಅನೇಕರ ಮನೆಯಲ್ಲಿ ರಬ್ಬರ್ ಶೀಟು ಒಣಗಿಸುವ ಹೊಗೆಗೂಡು ಇರುತ್ತದೆ. ಕಾವು ಸರಿಯಾಗಿದೆ ಎಂದು ಅದರಲ್ಲಿ ಕೊಕ್ಕೋ ಒಣಗಿಸಬಾರದು. ರಬ್ಬರಿಗೆ ಹೊಗೆ ಬೇಕು. ಕೊಕ್ಕೋಗೆ ಹೊಗೆ ವಿಷವಿದ್ದಂತೆ. ಹೊಗೆಯ ವಾಸನೆ ಹಿಡಿದ ಬೀಜದಿಂದ ಆ ವಾಸನೆಯನ್ನು ಮುಂದೆ ತೆಗೆಯಲಾಗದು. ಉಷ್ಣಮಾಪಕವು ಇದನ್ನು ಹೇಳಲಾರದು.

ಇತರ ಉಪಯೋಗಗಳು

ಕೊಕ್ಕೋ ಕೆಲಸ ಮುಗಿದ ಮೇಲೆ ಉಪಕರಣವನ್ನು ರಬ್ಬರಿನ ಹೊಗೆಗೂಡಿಗೆ ಒಯ್ಯಬಹುದು. ಅಲ್ಲಿ ಮೊದಲ ದಿನ 40°ರಿಂದ 45°ರಷ್ಟು ಇಟ್ಟು, ನಾಲ್ಕನೆಯ ದಿನದ ಹೊತ್ತಿಗೆ 55°ರಿಂದ 60° ಸೆಂ.ಗೆ ಏರಿಸುವುದು ಕ್ರಮ. 60° ಮೀರಿದರೆ ಶೀಟಿನಲ್ಲಿ ಗುಳ್ಳೆ ಏಳುತ್ತದೆ. ಒಲೆಯ ಹತ್ತಿರದ ಸಾಲು, ಬಾಗಿಲ ಬಳಿಯ ಸಾಲು, ಮೇಲಿನ ಸಾಲು, ಈ ಮೂರು ಕಡೆ ಕಡ್ಡಿ ಇಟ್ಟರೆ ಯಾವ ಸಾಲಿನ ಶೀಟುಗಳನ್ನು ಅದಲು ಬದಲು ಮಾಡಬೇಕೆಂಬುದು ತಿಳಿಯುತ್ತದೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಹೊದಿಕೆಯ ಸೋಲಾರ್ ಗೂಡು, ಕೊಬ್ಬರಿ ಗೂಡು ಮತ್ತು ಗೊಬ್ಬರದ ರಾಶಿಗಳಿಗೂ ಇದೇ ರೀತಿ ಬಳಸಬಹುದು.

ಸಾಮಾನ್ಯ ತಪ್ಪುಗಳು ಮತ್ತು ಆರೈಕೆ

1. ಥರ್ಮೋಕಪಲಿನ ತಂತಿ ಗಿಡ್ಡವಾಯಿತೆಂದು ಸಾಮಾನ್ಯ ತಾಮ್ರದ ವಯರನ್ನು ಜೋಡಿಸಬಾರದು. ಅದೇ ಮಾದರಿಯ ವಿಶೇಷ ತಂತಿಯೇ ಬೇಕು.

2. ಥರ್ಮೋಕಪಲ್ ಬಿಸಿಯಾದಂತೆ ಅಂಕಿ ಇಳಿದರೆ ಎರಡು ತಂತಿಗಳು ಅದಲು ಬದಲಾಗಿವೆ ಎಂದು ತಿಳಿಯಬೇಕು. ಅಂಕಿಯ ಬದಲು ಗೆರೆಗಳು ಕಂಡರೆ ತಂತಿ ತುಂಡಾಗಿದೆ ಅಥವಾ ಪಿನ್ನು ಸಡಿಲವಾಗಿದೆ.

3. ಅಂಕಿ ತೋರಿಸುವ ಪೆಟ್ಟಿಗೆಯನ್ನು ಒಲೆಯ ಬಳಿಯಲ್ಲಾಗಲಿ, ಬಿಸಿಲಿನಲ್ಲಾಗಲಿ ಇಡಬಾರದು. ಥರ್ಮೋಕಪಲ್ ಉಪಕರಣವು ತನ್ನ ಸ್ವಂತ ಉಷ್ಣತೆಯನ್ನು ಲೆಕ್ಕಕ್ಕೆ ಸೇರಿಸಿಕೊಂಡೇ ಉತ್ತರ ಕೊಡುವುದರಿಂದ, ಅದು ಬೇಗ ಬೇಗ ಬಿಸಿ ತಂಪಾದರೆ ಉತ್ತರವೂ ತಪ್ಪುತ್ತದೆ.

4. ಪ್ರತಿ ಹುದುಗಿನ ನಂತರ ಕಡ್ಡಿಗಳನ್ನು ಶುದ್ಧ ನೀರಿನಿಂದ ತೊಳೆದು ಒರೆಸಬೇಕು. ತಂತಿಯನ್ನು ಮಡಚದೆ ಸುರುಳಿ ಸುತ್ತಬೇಕು. ಇಲಿಗಳು ತಂತಿಯನ್ನು ಕಡಿಯದಂತೆ ಡಬ್ಬಿಯಲ್ಲಿಡಬೇಕು.

5. ಮಳೆಗಾಲದ ಮೊದಲಿನ ಗುಡುಗು ಸಿಡಿಲಿನ ಸಂಜೆಗಳಲ್ಲಿ ಉಪಕರಣವನ್ನು ಕರೆಂಟಿನ ಪ್ಲಗ್ಗಿಗೆ ಜೋಡಿಸಿಡಬಾರದು.

6. ಕೆಲಸವಿಲ್ಲದ ತಿಂಗಳುಗಳಲ್ಲಿ ಬ್ಯಾಟರಿಯನ್ನು ಹೊರತೆಗೆದಿಡಬೇಕು. ಪ್ರತಿ ವರ್ಷ ಕೊಯ್ಲಿಗೆ ಮುಂಚೆ ಮಂಜುಗಡ್ಡೆ ಪರೀಕ್ಷೆಯನ್ನು ಮತ್ತೆ ಮಾಡಬೇಕು.

ಸಾರಾಂಶ

ಕೊಕ್ಕೋ ಹುದುಗು ಕೆಡುವುದು ಹೆಚ್ಚಾಗಿ ಮೂಲೆ, ತಳಗಳಿಂದ, ನಾವು ನೋಡದ ರಾತ್ರಿಯ ಹೊತ್ತಿನಲ್ಲಿ. ಅಲ್ಲಿ ಕಡ್ಡಿ ಇಟ್ಟು, ಅರ್ಧ ಗಂಟೆಗೊಮ್ಮೆ ದಾಖಲೆ ಪಡೆದು, ಮೂರನೆಯ ದಿನ ತಿರುವುವ ಮುನ್ನವೇ ಆ ದಾಖಲೆಯನ್ನು ಓದಿ, ಹಿಂದೆ ಬಿದ್ದ ಬೀಜವನ್ನು ನಡುವಿಗೆ ತರಬೇಕು. ಮೊದಲ ಸಲ ಎಲ್ಲ ಬೀಜವನ್ನೂ ಇದಕ್ಕೆ ಹಾಕದೆ, ಒಂದು ಕೊಯ್ಲಿನ ಒಂದು ಭಾಗವನ್ನು ಮಾತ್ರ ಹುದುಗಿಗಿಟ್ಟು, ಉಳಿದುದನ್ನು ಹಸಿಯಾಗಿಯೇ ಮಾರುವುದು ಜಾಣತನ. ಸಂದೇಹಗಳಿದ್ದಲ್ಲಿ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ಅಡಿಕೆ ಮತ್ತು ಕೊಕ್ಕೋ ಬೆಳೆಗಳ ಮೇಲೆ ಸಂಶೋಧನೆ ನಡೆಸುವ ವಿಟ್ಲದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವನ್ನಾಗಲಿ ದಾಖಲೆ ಪುಸ್ತಕದೊಡನೆ ಸಂಪರ್ಕಿಸಬಹುದು.

ಅಭ್ಯಾಸಕ್ಕೆ ಪ್ರಶ್ನೆಗಳು

1. ಮಾದರಿ ದಾಖಲೆಯಲ್ಲಿ 96ನೆಯ ಗಂಟೆಗೆ ನಡುವಿಗೂ ಮೂಲೆಗೂ ಎಷ್ಟು ಡಿಗ್ರಿ ವ್ಯತ್ಯಾಸವಿದೆ? 48ನೆಯ ಗಂಟೆಗಿಂತ ಅದು ಏಕೆ ಕಡಿಮೆ?
2. ಮಂಜುಗಡ್ಡೆಯಲ್ಲಿ ಮೂರನೆಯ ಚಾನೆಲ್ 0.8° ತೋರಿಸಿತು. ಹುದುಗಿನಲ್ಲಿ ಅದು 45.8° ತೋರಿಸಿದರೆ ಬರೆದುಕೊಳ್ಳಬೇಕಾದ ಉಷ್ಣತೆ ಎಷ್ಟು?
3. ಬೀಜ ಒಣಗುತ್ತಿರುವಾಗ ಬೀಜದ ಅಂಕಿಯು ಗಾಳಿಯ ಅಂಕಿಗಿಂತ ಏಕೆ ಕಡಿಮೆಯಿರುತ್ತದೆ?
4. ರಬ್ಬರಿನ ಹೊಗೆಗೂಡಿನಲ್ಲಿ 50° ಇದೆ. ಕೊಕ್ಕೋ ಒಣಗಿಸಬಹುದೇ? ಕಾರಣ ಕೊಡಿರಿ.